ಸಹಾಯ ಬೇಕು: ಪಪ್ಪಾಯ ಸಸಿಯಲ್ಲೇ ಹೆಣ್ಣಾ ದ್ವಿಲಿಂಗಿನಾ ಅಂತ ಮಾರ್ಕರ್‌ನಿಂದ ಗುರುತಿಸೋದು

ನಮಸ್ಕಾರ, ಪಪ್ಪಾಯ ಬ್ರೀಡಿಂಗ್‌ಗೆ ಡಿಎನ್‌ಎ ಮಾರ್ಕರ್ (ಗಿಡದ ಲಿಂಗ ತೋರಿಸೋ ಡಿಎನ್‌ಎ ಗುರುತು) ಬಳಸಿರೋರು ಯಾರಾದ್ರೂ ಇದೀರಾ? ದ್ವಿಲಿಂಗಿ ಗಿಡನ (ಒಂದೇ ಹೂವಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರೋದು) ಸೆಲ್ಫ್ ಮಾಡಿದ್ರೆ, ಅಂದ್ರೆ ಅದರದ್ದೇ ಪರಾಗ ಅದಕ್ಕೇ ಹಾಕಿದ್ರೆ, 2 ಪಾಲು ದ್ವಿಲಿಂಗಿ, 1 ಪಾಲು ಹೆಣ್ಣು ಬರುತ್ತೆ, ಆದ್ರೆ ಹೂ ಬಿಡೋವರೆಗೂ ಯಾವ್ದು ಏನು ಅಂತ ಗೊತ್ತಾಗಲ್ಲ, ಅಷ್ಟು ತಿಂಗಳು ನೀರು ಗೊಬ್ಬರ ಜಾಗ ಎಲ್ಲಾ ವೇಸ್ಟ್, ಅದಕ್ಕೇ ಸಸಿ ಇದ್ದಾಗ್ಲೇ ಎಲೆ ತಗೊಂಡು ಪಿಸಿಆರ್ (ಡಿಎನ್‌ಎಯ ಬೇಕಾದ ತುಂಡನ್ನ ತುಂಬಾ ಪ್ರತಿ ಮಾಡಿ ನೋಡೋ ಪರೀಕ್ಷೆ) ಮಾಡ್ತಿದೀನಿ. ತೊಂದರೆ ಏನಂದ್ರೆ ಈ ಮಾರ್ಕರ್ ದ್ವಿಲಿಂಗಿ, ಗಂಡಲ್ಲಿ ಮಾತ್ರ ಬ್ಯಾಂಡ್ (ಜೆಲ್‌ನಲ್ಲಿ ಕಾಣೋ ಡಿಎನ್‌ಎ ಗೆರೆ) ಕೊಡುತ್ತೆ, ಬ್ಯಾಂಡ್ ಬರ್ಲಿಲ್ಲ ಅಂದ್ರೆ ಅದು ನಿಜವಾಗ್ಲೂ ಹೆಣ್ಣಾ ಇಲ್ಲಾ ಪಿಸಿಆರ್ರೇ ಕೈಕೊಟ್ಟಿದ್ಯಾ ಹೇಳಕ್ಕಾಗ್ತಿಲ್ಲ. ಪಿಸಿಆರ್ ಸರಿಯಾಗಿ ಆಗಿದ್ಯಾ ನೋಡೋಕೆ ಎಲ್ಲಾ ಗಿಡದಲ್ಲೂ ಬ್ಯಾಂಡ್ ಕೊಡೋ ಕಂಟ್ರೋಲ್ ಪ್ರೈಮರ್‌ನ (ಪ್ರೈಮರ್ ಅಂದ್ರೆ ಪ್ರತಿ ಮಾಡೋದನ್ನ ಶುರು ಮಾಡೋ ಚಿಕ್ಕ ಡಿಎನ್‌ಎ ತುಣುಕು) ಅದೇ ಟ್ಯೂಬಿಗೆ ಹಾಕಿದ್ರೆ ಲಿಂಗದ ಬ್ಯಾಂಡ್ ಮಂಕಾಗುತ್ತೆ. ಪ್ರೈಮರ್ ಪ್ರಮಾಣ ಹೇಗೆ ಬದಲಾಯಿಸ್ಬೇಕು? ಡಿಎನ್‌ಎ ಬೇರೆ ಅಂಟಂಟಾಗಿ ಬರ್ತಿದೆ, ಅದೂ ಕಾರಣ ಇರ್ಬಹುದಾ? ಒಳ್ಳೆ ದ್ವಿಲಿಂಗಿ ಸಸಿನ ತಪ್ಪಾಗಿ ಕಿತ್ತು ಬಿಸಾಕೋಕೆ ಮನಸ್ಸು ಬರ್ತಿಲ್ಲ, ಮಾಡಿ ಗೊತ್ತಿರೋರು ದಯವಿಟ್ಟು ತಿಳಿಸಿ.