‘ಆಯ್ತು ಸರ್’ ಅಂತಾರೆ, ಕೆಲಸ ಮಾತ್ರ ಸುಧಾರಿಸಲ್ಲ: ಹೇಗೆ ಹೇಳೋದು?

ಪ್ರಶ್ನೆ
ತಂಡದಲ್ಲಿ ಒಬ್ಬರ ವಾರದ ವರದಿ ಸತತ ಮೂರು ಸಲ ತಡ, ಲೆಕ್ಕದಲ್ಲೂ ತಪ್ಪು. ‘ಸ್ವಲ್ಪ ಗಮನ ಕೊಡಿ’ ಅಂದರೆ ‘ಆಯ್ತು ಸರ್’ ಅಂತಾರೆ, ಮುಂದಿನ ವಾರ ಮತ್ತದೇ. ಕೂರಿಸಿಕೊಂಡು ಮಾತಾಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1
‘ಗಮನ ಕೊಡಿ’ ಅಂದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗಲ್ಲ, ಅದಕ್ಕೇ ‘ಆಯ್ತು ಸರ್’. ಯಾವಾಗ, ಏನಾಯ್ತು, ಅದರಿಂದ ಯಾರಿಗೆ ತೊಂದರೆ ಅನ್ನೋದನ್ನ ಹೇಳಿ. ‘ಸೋಮವಾರ 11ಕ್ಕೆ ಬರಬೇಕಿದ್ದ ವರದಿ ಸಂಜೆ 4ಕ್ಕೆ ಬಂತು. ಎರಡನೇ ಪುಟದ ಮೊತ್ತ ತಾಳೆ ಆಗಲಿಲ್ಲ. ಅಕೌಂಟ್ಸ್‌ನವರು ಮತ್ತೆ ಕೂಡಿಸಿ ನೋಡಬೇಕಾಯ್ತು.’ ಇಷ್ಟು ಹೇಳಿ ಸುಮ್ಮನಾಗಿ, ಅವರು ಮಾತಾಡಲಿ. ‘ನಿಮಗೆ ಆಸಕ್ತಿಯೇ ಇಲ್ಲ’ ಅಂತ ಸೇರಿಸಿದಿರೋ, ವರದಿ ಪಕ್ಕಕ್ಕೆ ಹೋಗಿ ಜಗಳ ಶುರು. ‘ಯಾವಾಗಲೂ ತಡ’ ಕೂಡ ಬೇಡ. ಸರಿಯಾಗಿ ಕೊಟ್ಟ ಒಂದೇ ಒಂದು ವಾರ ನೆನಪಿಸಿ ನಿಮ್ಮ ಬಾಯಿ ಮುಚ್ಚಿಸ್ತಾರೆ. ಮತ್ತೆ, ಇದೆಲ್ಲ ಬಾಗಿಲು ಹಾಕಿದ ಕೋಣೆಯಲ್ಲಿ.

ಉತ್ತರ 2
ಅದಕ್ಕೂ ಮೊದಲು ಕಾರಣ ಹುಡುಕಿ. ‘ಎಲ್ಲಿ ಹೆಚ್ಚು ಹೊತ್ತು ಹಿಡಿಯುತ್ತೆ?’ ಎಂದು ಕೇಳಿ, ಪಕ್ಕದಲ್ಲಿ ಕೂತು ಒಂದು ವರದಿ ಮಾಡಿಸಿ ನೋಡಿ. ಬೇರೆ ವಿಭಾಗದ ಅಂಕಿಗಳು 10:45ಕ್ಕೆ ಕೈಸೇರುತ್ತಿದ್ದರೆ 11ರ ಗಡುವೇ ತಪ್ಪು. ಮೊತ್ತ ತಪ್ಪುವುದಕ್ಕೂ ಸಣ್ಣ ಕಾರಣ ಇರಬಹುದು: ಎಕ್ಸೆಲ್‌ನಲ್ಲಿ ಮೊತ್ತದ ಸಾಲಿಗೆ ಅಂಟಿಕೊಂಡಂತೆ ಮೇಲೆ ಹೊಸ ಸಾಲು ಸೇರಿಸಿದರೆ ಸಮ್ ಸೂತ್ರ ಕೆಲವೊಮ್ಮೆ ಅದನ್ನು ಬಿಟ್ಟೇ ಕೂಡಿಸುತ್ತದೆ. ಇದು ಹತ್ತು ನಿಮಿಷದಲ್ಲಿ ಕಲಿಸುವ ವಿಷಯ. ಗೊತ್ತಿದ್ದೂ ಮಾಡದಿದ್ದರೆ ಮಾತು ಬೇರೆ.

ಪ್ರಶ್ನೆ ಕೇಳಿದವರು
ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಮತ್ತೆ ಹೊಗಳಿ ಮುಗಿಸಿ ಅಂತಾರಲ್ಲ?

ಉತ್ತರ 3
ಆ ಸ್ಯಾಂಡ್‌ವಿಚ್ ಬೇಡ. ಕೆಲವರ ಕಿವಿಗೆ ಹೊಗಳಿಕೆ ಮಾತ್ರ ಬೀಳುತ್ತೆ. ಉಳಿದವರು ಮುಂದೆ ನೀವು ಹೊಗಳಿದಾಗಲೆಲ್ಲ ‘ಆದರೆ’ ಎಲ್ಲಿ ಬರುತ್ತೋ ಅಂತ ಕಾಯ್ತಾರೆ.

ಮುಗಿಸುವಾಗ ‘ಅರ್ಥ ಆಯ್ತಾ?’ ಅನ್ನಬೇಡಿ, ಮತ್ತೆ ‘ಆಯ್ತು ಸರ್’ ಬರುತ್ತೆ. ‘ಮುಂದಿನ ಸೋಮವಾರ ಏನೇನು ಬದಲಾಯಿಸ್ತೀರಿ?’ ಅಂತ ಅವರ ಬಾಯಲ್ಲೇ ಹೇಳಿಸಿ. ಒಪ್ಪಿದ್ದನ್ನ ಅದೇ ದಿನ ನಾಲ್ಕು ಸಾಲಿನ ಮೇಲ್ ಮಾಡಿ. ಅವರ ಜೊತೆ ಕೂತು ವರದಿ ನೋಡೋಕೆ ನಾಲ್ಕು ವಾರ, ವಾರಕ್ಕೆ 15 ನಿಮಿಷ ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿಡಿ. ಎರಡನೇ ವಾರ ಮ್ಯಾನೇಜರೇ ಮರೆತರೆ ‘ಇದು ಅಷ್ಟೇನೂ ದೊಡ್ಡದಲ್ಲ’ ಅಂತ ಅವರೂ ಬಿಡ್ತಾರೆ. ವರದಿ ಸರಿಯಾಗಿ ಬಂದ ದಿನವೇ ‘ಮೊತ್ತ ತಾಳೆ ಆಗಿದೆ’ ಅಂತ ಒಂದು ಸಾಲು ಬರೆಯಿರಿ. ನಾಲ್ಕು ವಾರ ಆದಮೇಲೂ ಹಾಗೇ ಇದ್ದರೆ ಎಚ್‌ಆರ್‌ಗೆ ಹೋಗಬೇಕಾಗುತ್ತೆ. ಅಲ್ಲಿ ಮೊದಲು ಕೇಳೋದು ಆ ಮೇಲ್‌ಗಳನ್ನೇ.