ಹನ್ನೊಂದು ವರ್ಷ ನಿಂತಿದ್ದ ಟಾಟಾ-ಬೆಂಜ್ ಲಾರಿ: ಸ್ಟಾರ್ಟ್ ಆದ ಕೂಡಲೇ ಎಂಜಿನ್ ವೇಗ ತಾನಾಗಿಯೇ ಏರುತ್ತಿದೆ

ಕೊಬ್ಬರಿಲಾರಿ (ತಿಪಟೂರು):

ಎಲ್ಲರಿಗೂ ನಮಸ್ಕಾರ. 2013ರಲ್ಲಿ ಇದೇ ಲಾರಿಯ ಕ್ಯಾಬಿನ್ನಿನ ಮರದ ಚೌಕಟ್ಟಿನ ಬಗ್ಗೆ ಇಲ್ಲಿ ಪ್ರಶ್ನೆ ಕೇಳಿದ್ದೆ. ಅಂದು ಉತ್ತರ ಬರೆದವರಿಗೆ ಆಮೇಲೆ ಏನಾಯಿತೆಂದು ತಿಳಿಸಲೂ ನನ್ನಿಂದಾಗಲಿಲ್ಲ, ಕ್ಷಮೆ ಇರಲಿ.

2014ರ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಬಿದ್ದುಹೋದವು. ಮರುವರ್ಷ ನನ್ನ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ ಇರುವುದು ಗೊತ್ತಾಯಿತು. ಎಂಜಿನ್ ಕೆಲಸಕ್ಕೆಂದು ಕೂಡಿಟ್ಟಿದ್ದ ಹಣವೆಲ್ಲ ಡಯಾಲಿಸಿಸ್‌ಗೆ ಹೋಯಿತು, ಅದರ ಹಿಂದೆಯೇ ಎರಡು ಎಕರೆ ತೋಟವೂ ಹೋಯಿತು. ಗುಜರಿಯವರು ಎರಡು ಸಲ ಲಾರಿ ಕೇಳಿಕೊಂಡು ಬಂದರು. ಎರಡನೆಯ ಸಲ ನಾನು ಬೆಲೆಗೆ ಒಪ್ಪಿಯೂ ಇದ್ದೆ. ಮಾತಾಡಲಾಗದ ಅಪ್ಪ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದು ಬೇಡವೆಂದರು. 2020ರಲ್ಲಿ ಅವರು ತೀರಿಕೊಂಡರು. ಹೆಂಡತಿಗೆ ಅವಳ ಅಕ್ಕನೇ ಮೂತ್ರಪಿಂಡ ಕೊಟ್ಟಿದ್ದಾರೆ, ಈಗ ಆರೋಗ್ಯ ಒಂದು ನೆಲೆಗೆ ಬಂದಿದೆ. ಶೆಡ್ಡಿನ ಬಾಗಿಲು ತೆಗೆಯುವ ಮನಸ್ಸು ನನಗೆ ಬಂದದ್ದು ಈ ವರ್ಷದ ಯುಗಾದಿ ಕಳೆದ ಮೇಲೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇದು 1966ರ ಟಾಟಾ-ಮರ್ಸಿಡಿಸ್ ಬೆಂಜ್, ಮೂತಿ ಮುಂದಕ್ಕಿರುವ ಹಳೆಯ ಮಾದರಿ, ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದ 1954ರಿಂದ ಹದಿನೈದು ವರ್ಷ ನಡೆದಿತ್ತಾದ್ದರಿಂದ ಇದರ ಮುಂದಿನ ಜಾಲರಿಯ ಮೇಲೆ ಇನ್ನೂ ಮೂರು ಮೂಲೆಯ ನಕ್ಷತ್ರವೇ ಇದೆ. ನಂಬರ್ ಪ್ಲೇಟು ಕೂಡ ಮೈಸೂರು ರಾಜ್ಯದ ಕಾಲದ 'ಎಂವೈ' ಸರಣಿಯದು. ಎಂಜಿನ್ನಿನ ಮಗ್ಗುಲಲ್ಲಿ ಕೂತಿರುವ ಡೀಸೆಲ್ ಪಂಪಿನ ಫಲಕದಲ್ಲಿ ತಯಾರಕರ ಹೆಸರು ಮೈಕೋ ಎಂದು ಓದಲು ಬರುತ್ತದೆ.

ಇಷ್ಟರವರೆಗೆ ಮಾಡಿದ ಕೆಲಸ ಹೀಗಿದೆ. ಟ್ಯಾಂಕನ್ನು ಇಳಿಸಿ ಒಳಗಿನ ತುಕ್ಕು ಮತ್ತು ಅಂಟಾಗಿದ್ದ ಹಳೆಯ ಡೀಸೆಲನ್ನು ತೊಳೆದೆ. ಫಿಲ್ಟರುಗಳನ್ನು ಬದಲಿಸಿದೆ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನು ಬಿಚ್ಚಿ ಆ ತೂತುಗಳಲ್ಲಿ ಎಣ್ಣೆ ಬಿಟ್ಟು, ನಾಲ್ಕು ದಿನ ನೆನೆಯಲು ಬಿಟ್ಟು, ಆಮೇಲೆ ಕ್ರ್ಯಾಂಕ್ ಪುಲ್ಲಿಗೆ ಸಲಾಕೆ ಹಾಕಿ ಕೈಯಿಂದಲೇ ತಿರುಗಿಸಿದೆ. ಐದನೆಯ ದಿನ ಎಂಜಿನ್ ಕದಲಿತು. ನಾಜಲ್‌ಗಳನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದ್ದೇನೆ. ಹೊಸ ಆಯಿಲ್ ಹಾಕಿ, ಡೀಸೆಲ್ ಕೊಳವೆಗಳಲ್ಲಿ ಸೇರಿದ್ದ ಏರ್ ತೆಗೆದು, ಕಳೆದ ಭಾನುವಾರ ಸೆಲ್ಫ್ ಹೊಡೆದಾಗ ಮೂರನೆಯ ಪ್ರಯತ್ನಕ್ಕೆ ಸ್ಟಾರ್ಟ್ ಆಯಿತು.

ಆದರೆ ನಾಲ್ಕೈದು ಸೆಕೆಂಡು ಸರಿಯಾಗಿ ಓಡಿದ ಮೇಲೆ, ಆಕ್ಸಿಲರೇಟರ್ ಮುಟ್ಟದಿದ್ದರೂ ವೇಗ ಒಂದೇ ಸಮನೆ ಏರಲಾರಂಭಿಸಿತು. ಹೆದರಿ, ಡೀಸೆಲ್ ನಿಲ್ಲಿಸಿ ಎಂಜಿನ್ ಆರಿಸುವ ಸ್ಟಾಪರ್ ಎಳೆದೆ. ಮತ್ತೊಮ್ಮೆ ಪ್ರಯತ್ನಿಸಿದಾಗಲೂ ಹಾಗೆಯೇ ಆಯಿತು. ಪಂಪಿನ ಪಕ್ಕದ ಮುಚ್ಚಳ ತೆಗೆದು ನೋಡಿದರೆ, ಡೀಸೆಲ್ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಕಡ್ಡಿಯಾದ ರ್‍ಯಾಕ್ ಎಲ್ಲೂ ಹಿಡಿದುಕೊಂಡಂತೆ ಕಾಣುವುದಿಲ್ಲ. ಪಂಪನ್ನೇ ಬಿಚ್ಚಿ ಪೂರ್ತಿ ರಿಪೇರಿಗೆ ಕೊಡಬೇಕೇ? ಅದಕ್ಕೆ ಬೇಕಾಗುವ ಹಣವನ್ನು ಈ ವರ್ಷ ಹೊಂದಿಸುವುದು ನನಗೆ ಕಷ್ಟ.

ಘಟ್ಟದಡಿಯ ಚಾಲಕ (ಪುತ್ತೂರು):

ಮತ್ತೆ ಬಂದದ್ದಕ್ಕೆ ಸಂತೋಷ. ಪಂಪ್ ಬಿಚ್ಚುವ ಮೊದಲು ಮೂರು ವಿಷಯ ತಿಳಿಸಿ. ಏರ್ ಫಿಲ್ಟರ್ ಎಣ್ಣೆ ತುಂಬಿಸುವ ಬಗೆಯದೇ, ಆಗಿದ್ದರೆ ಗುರುತಿಗಿಂತ ಮೇಲೆ ತುಂಬಿಸಿದ್ದೀರಾ? ಹೊಗೆಯ ಬಣ್ಣ ಯಾವುದಿತ್ತು? ಸ್ಟಾಪರ್ ಎಳೆದಾಗ ಎಂಜಿನ್ ತಕ್ಷಣ ನಿಂತಿತೇ, ಅಥವಾ ಇನ್ನೂ ಸ್ವಲ್ಪ ಹೊತ್ತು ಓಡುತ್ತಲೇ ಇತ್ತೇ? ಎಣ್ಣೆಯ ಫಿಲ್ಟರಿನಲ್ಲಿ ಹೆಚ್ಚಾದ ಎಣ್ಣೆಯನ್ನು ಎಂಜಿನ್ ಹೀರಿಕೊಂಡು ಅದನ್ನೇ ಇಂಧನ ಮಾಡಿಕೊಂಡು ಓಡುವುದನ್ನು ನಾನು ಚಾರ್ಮಾಡಿಯ ಬುಡದಲ್ಲಿ ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಆಗ ಯಾವ ಸ್ಟಾಪರೂ ಕೆಲಸಕ್ಕೆ ಬರುವುದಿಲ್ಲ.

ಕೊಬ್ಬರಿಲಾರಿ:

ಎಣ್ಣೆಯ ಫಿಲ್ಟರೇ. ತಾವು ಕೇಳಿದ ಮೇಲೆ ಹೋಗಿ ನೋಡಿದೆ. ಗುರುತಿಗಿಂತ ಒಂದು ಬೆರಳಷ್ಟು ಹೆಚ್ಚಿತ್ತು, ತೆಗೆದು ಸರಿ ಮಾಡಿದ್ದೇನೆ. ಹೊಗೆ ಕಪ್ಪಗಿತ್ತು. ಸ್ಟಾಪರ್ ಎಳೆದ ಎರಡು ಸೆಕೆಂಡಿನೊಳಗೆ ಎರಡೂ ಸಲ ಎಂಜಿನ್ ನಿಂತಿತು.

ಪಂಪಿನ ಮೇಷ್ಟ್ರು (ಬೆಂಗಳೂರು):

ಇದರಿಂದ ಅರ್ಧ ರೋಗ ಪತ್ತೆಯಾದಂತಾಯಿತು. ಎಂಜಿನ್ ಎಣ್ಣೆಯನ್ನು ಹೀರಿ ಓಡುತ್ತಿದ್ದರೆ ಹೊಗೆ ನೀಲಿಯೋ ಬಿಳಿಯೋ ಆಗಿರುತ್ತಿತ್ತು, ಸ್ಟಾಪರ್ ಎಳೆದರೂ ನಿಲ್ಲುತ್ತಿರಲಿಲ್ಲ. ನಿಂತಿದೆ ಎಂದರೆ ಹೆಚ್ಚಾಗಿ ಹೋಗುತ್ತಿರುವುದು ಪಂಪಿನ ಡೀಸೆಲೇ, ಮತ್ತು ರ್‍ಯಾಕ್ ಹಿಂದಕ್ಕೆ ಸರಾಗವಾಗಿ ಬರುತ್ತಿದೆ. ಆದ್ದರಿಂದ ಪಂಪನ್ನು ದೂರುವ ಮೊದಲು, ಎಂಜಿನ್ ವೇಗವನ್ನು ಹತೋಟಿಯಲ್ಲಿಡುವ ಗವರ್ನರನ್ನು ನೋಡಬೇಕು.

ತಮ್ಮ ಲಾರಿಯಲ್ಲಿ ಆಕ್ಸಿಲರೇಟರಿನ ಕಡ್ಡಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿ. ಅದು ಪಂಪಿಗೆ ಹೋಗದೆ, ಏರ್ ಫಿಲ್ಟರಿನ ಕೆಳಗಿರುವ ವೆಂಚುರಿಯ (ಗಾಳಿ ಒಳಹೋಗುವ ಕಿರಿದಾದ ಕಂಠ) ಚಿಟ್ಟೆಗೆ (ಗಾಳಿಯನ್ನು ತಡೆಯುವ ತಿರುಗುವ ತಗಡು) ಹೋಗುತ್ತಿದ್ದರೆ, ಮತ್ತು ಆ ವೆಂಚುರಿಯಿಂದ ಸಣ್ಣ ಕೊಳವೆಯೊಂದು ಪಂಪಿನ ಹಿಂಬದಿಯ ದುಂಡು ಡಬ್ಬಿಗೆ ಬಂದಿದ್ದರೆ, ಅದು ಗಾಳಿಯಿಂದ ನಡೆಯುವ ಗವರ್ನರ್. ಆ ಕಾಲದ ಬೆಂಜ್ ಎಂಜಿನ್ನುಗಳಲ್ಲಿ ಇದು ಸಾಮಾನ್ಯವಾಗಿತ್ತು. ಡಬ್ಬಿಯ ಒಳಗೆ ಒಂದು ಚರ್ಮದ ಡಯಾಫ್ರಮ್ (ಪರದೆ), ಅದರ ಬೆನ್ನಿಗೆ ಒಂದು ಸ್ಪ್ರಿಂಗ್ ಇರುತ್ತದೆ. ಪೆಡಲ್ ಬಿಟ್ಟಾಗ ಚಿಟ್ಟೆ ಬಹುಪಾಲು ಮುಚ್ಚಿ ವೆಂಚುರಿಯಲ್ಲಿ ವ್ಯಾಕ್ಯೂಮ್ ಹೆಚ್ಚುತ್ತದೆ. ಅದು ಡಯಾಫ್ರಮನ್ನು ಸೆಳೆದು, ಡಯಾಫ್ರಮ್ ರ್‍ಯಾಕನ್ನು ಎಳೆದು, ಡೀಸೆಲ್ ಕಡಿಮೆಯಾಗುತ್ತದೆ. ಪೆಡಲ್ ತುಳಿದಾಗ ವ್ಯಾಕ್ಯೂಮ್ ಇಳಿದು ಸ್ಪ್ರಿಂಗಿನ ಕೈ ಮೇಲಾಗಿ ಡೀಸೆಲ್ ಹೆಚ್ಚುತ್ತದೆ. ಹೀಗಿರುವಾಗ ಚರ್ಮ ಒಣಗಿ ಬಿರುಕು ಬಿಟ್ಟರೆ ವ್ಯಾಕ್ಯೂಮ್ ನಿಲ್ಲುವುದೇ ಇಲ್ಲ. ಯಾರೋ ಪೆಡಲನ್ನು ನೆಲಕ್ಕೆ ಒತ್ತಿ ಕೂತಿದ್ದಾರೆ ಎಂಬಂತೆ ಸ್ಪ್ರಿಂಗ್ ರ್‍ಯಾಕನ್ನು ಪೂರ್ತಿ ಮುಂದಕ್ಕೆ ತಳ್ಳಿಬಿಡುತ್ತದೆ. ಇಷ್ಟು ವರ್ಷ ಒಣಗಾಳಿಯಲ್ಲಿ ನಿಂತ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಆ ಚರ್ಮದ ಮೇಲೆಯೇ.

ಪರೀಕ್ಷೆಗೆ ಎಂಜಿನ್ ಸ್ಟಾರ್ಟ್ ಮಾಡಬೇಕಾಗಿಲ್ಲ, ಮಾಡಲೂಬೇಡಿ. ಗವರ್ನರಿನ ಡಬ್ಬಿಯಿಂದ ಕೊಳವೆಯನ್ನು ಬಿಚ್ಚಿ. ಸ್ಟಾಪರ್ ಸನ್ನೆಯನ್ನು ಕೊನೆಯವರೆಗೆ ಎಳೆದು ಹಿಡಿದುಕೊಂಡು, ಕೊಳವೆ ಕೂರುವ ಬಾಯಿಯನ್ನು ಒದ್ದೆ ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ಆಮೇಲೆ ಸನ್ನೆಯನ್ನು ಬಿಡಿ. ಚರ್ಮ ಸರಿಯಿದ್ದರೆ ರ್‍ಯಾಕ್ ತುಸು ಮುಂದೆ ಸರಿದು ಅಲ್ಲೇ ತಡೆದು ನಿಲ್ಲುತ್ತದೆ, ಅಥವಾ ಬಹಳ ನಿಧಾನವಾಗಿ ಸರಿಯುತ್ತದೆ. ಬಿಟ್ಟ ಕೂಡಲೇ ಟಪ್ಪೆಂದು ಮುಂದೆ ಹೋದರೆ ಚರ್ಮ ತೂತಾಗಿದೆ. ಇದರಲ್ಲಿ ಪಾಸಾದರೆ ಕೊಳವೆಯನ್ನು ಮತ್ತೆ ಜೋಡಿಸಿ ವೆಂಚುರಿಯ ತುದಿಯಲ್ಲಿ ಬೆರಳಿಟ್ಟು ಅದನ್ನೇ ಮಾಡಿ; ಈಗ ಸೋತರೆ ದೋಷ ಕೊಳವೆಯದು ಅಥವಾ ಅದರ ಜೋಡಣೆಯದು. ಎರಡೂ ಸರಿಯಿದ್ದರೆ ವೆಂಚುರಿಗೂ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೂ ನಡುವಿನ ಪ್ಯಾಕಿಂಗ್ ನೋಡಿ, ಏಕೆಂದರೆ ಅಲ್ಲಿ ಕಳ್ಳಗಾಳಿ ನುಗ್ಗಿದರೂ ವ್ಯಾಕ್ಯೂಮ್ ಇಳಿಯುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದೆ ಸ್ಟಾರ್ಟ್ ಮಾಡುವಾಗ ಏರ್ ಫಿಲ್ಟರನ್ನು ಕಳಚಿಟ್ಟು, ವೆಂಚುರಿಯ ಬಾಯಿಗಿಂತ ಅಗಲವಾದ ದಪ್ಪ ಹಲಗೆಯೊಂದನ್ನು ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ಎಂಜಿನ್ ಕೈಮೀರಿದರೆ ಗಾಳಿ ಮುಚ್ಚುವುದೊಂದೇ ನೆಚ್ಚಬಹುದಾದ ದಾರಿ. ಅಂಗೈಯಿಂದ ಮುಚ್ಚಲು ಹೋಗಬಾರದು, ಬಟ್ಟೆ ತುರುಕಿದರೆ ಅದನ್ನು ಎಂಜಿನ್ ನುಂಗಿಬಿಡುತ್ತದೆ. ಟ್ಯಾಂಕಿನ ಕೊಳಾಯಿ ತಿರುಗಿಸಿದರೆ ನಿಲ್ಲುವುದೆಂದು ಕಾಯುವಂತಿಲ್ಲ, ಫಿಲ್ಟರಿನಲ್ಲೂ ಪಂಪಿನಲ್ಲೂ ಉಳಿದಿರುವ ಡೀಸೆಲ್ ಎಂಜಿನ್ನನ್ನು ಹಾಳುಮಾಡಲು ಸಾಕಾಗುತ್ತದೆ.

ಹೆದ್ದಾರಿ 48:

ಚರ್ಮ ಸಿಗದಿದ್ದರೆ ಲಾರಿ ಟ್ಯೂಬಿನ ರಬ್ಬರನ್ನು ಅದೇ ಅಳತೆಗೆ ಕತ್ತರಿಸಿ ಹಾಕಬಹುದು. ನಮ್ಮ ಕಡೆ ಹಿಂದೆ ಹಾಗೆ ಮಾಡುತ್ತಿದ್ದರು, ಗಾಡಿಗಳು ಓಡುತ್ತಲೂ ಇದ್ದವು.

ಪಂಪಿನ ಮೇಷ್ಟ್ರು:

ಓಡುತ್ತಿದ್ದವು, ನಿಜ. ಎಷ್ಟು ದಿನ ಎಂಬುದು ಪ್ರಶ್ನೆ. ಟ್ಯೂಬಿನ ರಬ್ಬರಿಗೆ ಎಣ್ಣೆ ಮತ್ತು ಡೀಸೆಲ್ ತಾಗಿದರೆ ಅದು ಉಬ್ಬಿ ಹಿಗ್ಗುತ್ತದೆ, ಮತ್ತು ಅದರ ಬಿಗಿ ಚರ್ಮದಂತಲ್ಲವಾದ್ದರಿಂದ ಗವರ್ನರ್ ತನ್ನ ಲೆಕ್ಕವನ್ನೇ ತಪ್ಪುತ್ತದೆ. ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇವರು ಈಗಾಗಲೇ ಕಂಡಿದ್ದಾರೆ. ಈ ಒಂದು ಭಾಗದಲ್ಲಿ ಜುಗಾಡು ಬೇಡ. ಗವರ್ನರಿನ ಮೇಲಿರುವ ಸಣ್ಣ ಫಲಕದ ಅಕ್ಷರ ಮತ್ತು ಅಂಕಿಗಳನ್ನು ಪೂರ್ತಿಯಾಗಿ ಬರೆದುಕೊಂಡು ಜೆ.ಸಿ. ರಸ್ತೆಯಲ್ಲೋ ಕಲಾಸಿಪಾಳ್ಯದಲ್ಲೋ ಹಳೆಯ ಡೀಸೆಲ್ ಭಾಗಗಳ ಅಂಗಡಿಗಳಲ್ಲಿ ವಿಚಾರಿಸಿದರೆ ಸರಿಯಾದದ್ದೇ ಸಿಗುವ ಸಾಧ್ಯತೆ ಇದೆ.

ಡಬ್ಬಿ ಬಿಚ್ಚುವಾಗ ಒಳಗಿನ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ ಎಂಬುದು ನೆನಪಿರಲಿ. ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸ್ಪ್ರಿಂಗಿನ ಕೆಳಗೆ ತೆಳುವಾದ ಬಿಲ್ಲೆಗಳಿದ್ದರೆ ಎಷ್ಟಿದ್ದವೋ ಅಷ್ಟನ್ನೇ ಅದೇ ಜಾಗಕ್ಕೆ ಹಿಂತಿರುಗಿಸಿ. ಸೀಸದ ಮುದ್ರೆ ಹಾಕಿದ ಯಾವ ಸ್ಕ್ರೂವನ್ನೂ ಮುಟ್ಟಬೇಡಿ.

ಕೊಬ್ಬರಿಲಾರಿ:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲ ಪರೀಕ್ಷೆಯಲ್ಲೇ ಸೋತೆ. ಬೆರಳು ಒತ್ತಿ ಹಿಡಿದಿದ್ದರೂ ಸನ್ನೆ ಬಿಟ್ಟ ಕೂಡಲೇ ರ್‍ಯಾಕ್ ಟಪ್ಪೆಂದು ಮುಂದಕ್ಕೆ ಹೋಯಿತು. ಡಬ್ಬಿ ಬಿಚ್ಚಿದರೆ ಚರ್ಮ ಸುಟ್ಟ ಹಪ್ಪಳದಂತೆ ಸೆಟೆದುಕೊಂಡಿತ್ತು. ಅಂಚಿನ ಹತ್ತಿರ ಎರಡು ಅಂಗುಲ ಉದ್ದದ ಬಿರುಕು ಬಿದ್ದಿದ್ದು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು.

ಅದನ್ನು ಕೈಯಲ್ಲಿ ಹಿಡಿದುಕೊಂಡಾಗ ಅಪ್ಪನ ಲೆಕ್ಕದ ಪುಸ್ತಕ ನೆನಪಾಯಿತು. ಕೊಬ್ಬರಿ ಮೂಟೆಗಳ ಸಂಖ್ಯೆ, ಡೀಸೆಲ್ ಖರ್ಚು, ಟೈರು ಬದಲಿಸಿದ ತಾರೀಕುಗಳ ನಡುವೆ ಕೆಲವು ತಿಂಗಳಿಗೊಮ್ಮೆ 'ಚರ್ಮಕ್ಕೆ ಎಣ್ಣೆ' ಎಂದು ಒಂದು ಸಾಲು ಬರುತ್ತದೆ. ಅದು ಅವರ ಮೆಟ್ಟಿನ ವಿಷಯವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮೆಟ್ಟಿಗೆ ಎಣ್ಣೆ ಹಾಕಿದ್ದನ್ನು ಲಾರಿಯ ಲೆಕ್ಕದಲ್ಲಿ ಏಕೆ ಬರೆಯುತ್ತಾರೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಆ ಬಗೆಯ ಕೊನೆಯ ಸಾಲು 2014ರ ಮಾರ್ಚ್ ತಿಂಗಳಿನದು.

ಜೆ.ಸಿ. ರಸ್ತೆಯಲ್ಲಿ ಐದನೆಯ ಅಂಗಡಿಯಲ್ಲಿ ಅದೇ ನಂಬರಿನ ಚರ್ಮ ಸಿಕ್ಕಿತು. ತೆಳು ಎಣ್ಣೆ ಹಚ್ಚಿ ಬೆರಳುಗಳಿಗೆ ಮೆತ್ತಗೆ ಬಾಗುವಷ್ಟು ಹದಮಾಡಿ ಕೂರಿಸಿದೆ. ಬಿಲ್ಲೆಗಳು ಎರಡಿದ್ದವು, ಎರಡನ್ನೂ ಹಾಗೆಯೇ ಇಟ್ಟೆ. ಪರೀಕ್ಷೆ ಮಾಡಿದಾಗ ರ್‍ಯಾಕ್ ತಡೆದು ನಿಂತಿತು. ಮಗಳು ಹಲಗೆ ಹಿಡಿದು ನಿಂತಳು, ಸ್ಟಾರ್ಟ್ ಮಾಡಿದೆ, ವೇಗ ಏರಲಿಲ್ಲ. ಹಲಗೆಯ ಅಗತ್ಯ ಬೀಳಲಿಲ್ಲ.

ಆದರೂ ಒಂದು ಸಣ್ಣ ತೊಂದರೆ ಉಳಿದಿದೆ. ಐಡಲಿನಲ್ಲಿ, ಅಂದರೆ ಪೆಡಲ್ ಮುಟ್ಟದೆ ಓಡುವಾಗ, ಎಂಜಿನ್ ಒಂದೇ ಲಯದಲ್ಲಿ ನಿಲ್ಲದೆ, ಉಸಿರು ಎಳೆದು ಬಿಟ್ಟಂತೆ ಏರಿಳಿಯುತ್ತಿದೆ. ಪೆಡಲ್ ಸ್ವಲ್ಪ ತುಳಿದರೆ ಸರಿಹೋಗುತ್ತದೆ.

ಪಂಪಿನ ಮೇಷ್ಟ್ರು:

ಬಹಳ ಸಂತೋಷ. ಐಡಲಿನ ಏರಿಳಿತಕ್ಕೆ ಈಗ ಎರಡನೆಯ ಪರೀಕ್ಷೆ ಮಾಡಿ, ಅಂದರೆ ವೆಂಚುರಿಯ ತುದಿಯಲ್ಲಿ ಬೆರಳಿಟ್ಟು. ವ್ಯಾಕ್ಯೂಮ್ ಹೆಚ್ಚಿರುವ ಐಡಲಿನಲ್ಲಿ ಕಾಣಿಸಿಕೊಂಡು ಪೆಡಲ್ ತುಳಿದಾಗ ಮರೆಯಾಗುವ ತೊಂದರೆ ಸಾಮಾನ್ಯವಾಗಿ ಕೊಳವೆಯ ಸಣ್ಣ ಸೋರಿಕೆಯೇ ಆಗಿರುತ್ತದೆ. ಅದು ಸರಿಯಾದ ಮೇಲೂ ಏರಿಳಿತ ಉಳಿದರೆ ಮಾತ್ರ ಪಂಪನ್ನು ಅಳೆದು ಹೊಂದಿಸುವ ಕ್ಯಾಲಿಬ್ರೇಷನ್ ಬೆಂಚಿಗೆ ಕೊಂಡೊಯ್ಯಿರಿ. ಅದಕ್ಕೆ ಮೊದಲು ಐಡಲ್ ಸ್ಕ್ರೂ ತಿರುಗಿಸಿ ಮುಚ್ಚಿಹಾಕಲು ಹೋಗಬೇಡಿ.

ಘಟ್ಟದಡಿಯ ಚಾಲಕ:

ಎಂಜಿನ್ ನುಡಿಯಿತೆಂಬ ಉತ್ಸಾಹದಲ್ಲಿ ಗಾಡಿಯನ್ನು ಶೆಡ್ಡಿನಿಂದ ಈಚೆ ಓಡಿಸಬೇಡಿ. ಬ್ರೇಕ್ ಆಯಿಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಇಷ್ಟು ವರ್ಷದಲ್ಲಿ, ಚಕ್ರಗಳಲ್ಲಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರುಗಳ ಒಳಗೋಡೆಗೆ ತುಕ್ಕು ಹಿಡಿದಿರುತ್ತದೆ, ರಬ್ಬರುಗಳು ಕಲ್ಲಾಗಿರುತ್ತವೆ. ಮೊದಲ ನಾಲ್ಕು ಸಲ ಪೆಡಲ್ ಗಟ್ಟಿಯಾಗಿ ಸಿಕ್ಕರೂ ಐದನೆಯ ಸಲ ನೆಲಕ್ಕೆ ಹೋಗಬಹುದು. ನಾಲ್ಕು ಚಕ್ರಗಳನ್ನೂ ಬಿಚ್ಚಿ ನೋಡಿಯೇ ಮುಂದುವರಿಯಿರಿ.

ಕೊಬ್ಬರಿಲಾರಿ:

ಮೇಷ್ಟ್ರು ಹೇಳಿದಂತೆಯೇ ಆಯಿತು. ಕೊಳವೆಯ ವೆಂಚುರಿ ತುದಿಯ ರಬ್ಬರ್ ತುಂಡಿನ ಕೆಳಬದಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು, ಮೇಲಿನಿಂದ ನೋಡಿದರೆ ಕಾಣುವಂತಿರಲಿಲ್ಲ. ಅದನ್ನು ಬದಲಿಸಿದ ಮೇಲೆ ನಿನ್ನೆ ಸಂಜೆ ನಲವತ್ತು ನಿಮಿಷ ಐಡಲಿನಲ್ಲಿ ಓಡಿಸಿದೆ, ಏರಿಳಿತವಿಲ್ಲ. ಪಂಪ್ ಬಿಚ್ಚುವ ಪ್ರಮೇಯವೇ ಬರಲಿಲ್ಲ. ಒಟ್ಟು ಖರ್ಚಾದದ್ದು ಚರ್ಮ, ರಬ್ಬರ್ ತುಂಡು ಮತ್ತು ಬೆಂಗಳೂರಿಗೆ ಹೋಗಿಬಂದ ಬಸ್ ಚಾರ್ಜು ಮಾತ್ರ.

ಹಿಂದಿನ ಎಡಚಕ್ರದ ಬ್ರೇಕ್ ಡ್ರಮ್ ಕಳಚಲು ಬರುತ್ತಿಲ್ಲ, ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಂಡಿರುವಂತಿದೆ. ಆ ಪ್ರಶ್ನೆಯನ್ನು ಚಿತ್ರಗಳೊಂದಿಗೆ ಬೇರೆಯಾಗಿ ಕೇಳುತ್ತೇನೆ. ಇದನ್ನು ಪರಿಹಾರವಾಗಿದೆ ಎಂದು ಗುರುತಿಸಬಹುದು.