ಕೆಮಿಕಲ್ ಆಮದು, ಎಚ್‌ಎಸ್ ಕೋಡ್ (ಸರಕು ಯಾವುದು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ): ಕಸ್ಟಮ್ಸ್ ಬ್ರೋಕರ್ ಅವರನ್ನು ಕೇಳಿ

(ರಾಯಚೂರು, ಕೊಪ್ಪಳ, ಬಳ್ಳಾರಿ ಗೊಬ್ಬರ-ಔಷಧ ವ್ಯಾಪಾರಿಗಳ ಗುಂಪು)

ಸಿಂಧನೂರು ಅಂಗಡಿ: ಸರ್, ನಮಸ್ಕಾರ. ಹೊರದೇಶದ ಪಾರ್ಟಿ ಭತ್ತಕ್ಕೆ ‘ಬೆಳವಣಿಗೆ ಟಾನಿಕ್’ ಕೊಡ್ತೀನಿ ಅಂತಾನೆ. ಸಾವಯವ ಗೊಬ್ಬರದ ಕೋಡ್ 3101 ಹಾಕಿ ಅಂತಾನೆ. ಕೆಮಿಕಲ್ ಯಾವುದು ಅಂತ ಗುರುತಿಸುವ ಕ್ಯಾಸ್ ನಂಬರ್ ಕೇಳಿದರೆ ಫಾರ್ಮುಲಾ ಗುಟ್ಟಂತೆ. ಹಾಕಬಹುದಾ? ಸೇಫ್ಟಿ ಶೀಟ್ ಫೋಟೋ ಕಳಿಸಿದ್ದೇನೆ.

ಗಂಗಾವತಿ ಡೀಲರ್: ಜಿಎಸ್‌ಟಿ ಬಿಲ್ಲಿನ ಎಚ್‌ಎಸ್‌ಎನ್, ಈ ಎಚ್‌ಎಸ್ ಎರಡೂ ಒಂದೇನಾ ಸರ್?

ಬ್ರೋಕರ್, ಬಳ್ಳಾರಿ: ಗಂಗಾವತಿಯವರೇ, ಬೇರು ಒಂದೇ. ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ. ನಮ್ಮಲ್ಲಿ ಆಮದಿಗೆ 8 ಬೇಕು.

ಸಿಂಧನೂರು ಅಣ್ಣ, ನಿಮ್ಮ ಫೋಟೋ ನೋಡಿ ಎದೆ ಝಲ್ ಅಂತು. ಪ್ರಥಮ ಚಿಕಿತ್ಸೆ ಅನ್ನುವ ಕಡೆ ‘ಅಟ್ರೋಪಿನ್’ ಅಂತಿದೆ. ಗೊಬ್ಬರಕ್ಕೆ ಅಟ್ರೋಪಿನ್ ಯಾಕೆ ಬೇಕು? ಅದು ಆರ್ಗನೋಫಾಸ್ಫರಸ್, ಕಾರ್ಬಮೇಟ್ ಥರದ ಕೀಟನಾಶಕ ಮೈಗೆ ಏರಿದಾಗ ಡಾಕ್ಟರು ಕೊಡುವ ಮದ್ದು. ಬಂದರಿನಲ್ಲಿ ಪ್ರತಿ ಡ್ರಮ್ ಬಿಚ್ಚಿ ನೋಡೋಕೆ ಆಗಲ್ಲ. ಕೋಡ್ ನೋಡಿಯೇ ತಡೆಯುತ್ತಾರೆ. ಅದಕ್ಕೇ ಕೀಟನಾಶಕಗಳಾದ ಮೊನೊಕ್ರೊಟೊಫಾಸ್ 2924 12ರಲ್ಲಿ, ಎಂಡೋಸಲ್ಫಾನ್ 2920 30ರಲ್ಲಿ ಹೆಸರು ಹಿಡಿದು ಕೂತಿವೆ. ಅಪಾಯದ ಕೆಮಿಕಲ್‌ಗಳಿಗೆ ಹೀಗೆ ಪ್ರತ್ಯೇಕ ಕೋಡ್ ಕೊಡಬೇಕು ಅಂತ ಅಪಾಯದ ಕೆಮಿಕಲ್ ವ್ಯಾಪಾರಕ್ಕೆ ದೇಶ ದೇಶಗಳು ಮಾಡಿಕೊಂಡ ರಾಟರ್ಡ್ಯಾಂ ಒಪ್ಪಂದದಲ್ಲೇ ಇದೆ. ಡಬ್ಬಿಗೆ ತುಂಬಿದ ಸಿದ್ಧ ಔಷಧ 3808ಕ್ಕೆ ಬರುತ್ತದೆ. 1968ರ ಕೀಟನಾಶಕ ಕಾಯ್ದೆಯ ನೋಂದಣಿ ಇಲ್ಲದೆ ಅದು ಒಳಗೆ ಬರೋ ಹಾಗಿಲ್ಲ. 3101 ಅಂತ ಬರೆದರೆ ನೋಂದಣಿ ಯಾರೂ ಕೇಳಲ್ಲ. ಕೊನೆಗೆ ಗದ್ದೆಯಲ್ಲಿ ಟಾನಿಕ್ ಅಂದುಕೊಂಡು ಬರಿಗೈಲಿ ಹೊಡೆಯುವವನು ಬೀಳುತ್ತಾನೆ. ಏನು ವಿಷ ಅಂತ ಡಾಕ್ಟರಿಗೂ ಗೊತ್ತಾಗಲ್ಲ.

ಸಿರುಗುಪ್ಪ: ಫಾರ್ವರ್ಡ್ ಬಂದಿದೆ. ಕೊನೆಗೆ 90, ಅಂದರೆ ‘ಇತರೆ’ ಹಾಕಿದರೆ ಕಸ್ಟಮ್ಸ್‌ನವರು ನೋಡಲ್ವಂತೆ.

ಬ್ರೋಕರ್, ಬಳ್ಳಾರಿ: ದಯವಿಟ್ಟು ಡಿಲೀಟ್ ಮಾಡಿ. ಗೊತ್ತಿದ್ದೂ ಸುಳ್ಳು ಬರೆದರೆ ಸರಕಿನ ಬೆಲೆಯ 5 ಪಟ್ಟುವರೆಗೆ ದಂಡ ಬೀಳಬಹುದು. ಫಾರ್ವರ್ಡ್ ಮಾಡಿದವರು ಕಟ್ಟಲ್ಲ.

ಲಿಂಗಸುಗೂರು: ಹಟ್ಟಿ ಚಿನ್ನದ ಗಣಿಗೆ ಸಯನೈಡ್ ಬಿಡ್ತಾರೆ, ನಮ್ಮ ಟಾನಿಕ್‌ಗೆ ತಕರಾರಾ?

ಮಾನ್ವಿ ರೈತ: ಸಯನೈಡ್ ಅಂತ ಹೇಳಿಯೇ ತರ್ತಾರೆ ರೀ. ನಿಮ್ಮವರು ಹೆಸರೇ ಹೇಳಲ್ಲ. ಮೊನೊಕ್ರೊಟೊಫಾಸ್ 36 ಎಸ್‌ಎಲ್ (36% ದ್ರಾವಣ) 2023ರಲ್ಲೇ ನಿಷೇಧ ಆಯ್ತು. ಈಗಲೂ ಕೇಳಿದರೆ ಒಳಗಿಂದ ತೆಗೆದುಕೊಡ್ತಾರೆ.

ಲಿಂಗಸುಗೂರು: ಕೇಳೋರು ಯಾರು? ನೀವೇ ಅಲ್ವಾ?

ಮಾನ್ವಿ ರೈತ: ಉದ್ರಿ ಕೊಟ್ಟು ಕೈಗೆ ಹಾಕೋರು ನೀವು.

ಕೊಪ್ಪಳ: ಪಾದರಸಕ್ಕೆ ಯಾವ ಕೋಡ್ ಸರ್?

ಗಂಗಾವತಿ ಡೀಲರ್: ಹಾಗಾದರೆ ಎಚ್‌ಎಸ್‌ಎನ್, ಎಚ್‌ಎಸ್ ಒಂದೇನಾ?

ಬ್ರೋಕರ್, ಬಳ್ಳಾರಿ: ಮೇಲೆ ಹೇಳಿದ್ದೇನೆ. ಓದಿ.

ಸಿಂಧನೂರು ಅಂಗಡಿ: ಸರ್, ಒಂದು ಹೇಳಿರಲಿಲ್ಲ. ಆ ಡ್ರಮ್ ಚೆನ್ನೈಗೆ ಬಂದು ನಾಲ್ಕು ದಿನ ಆಯ್ತು.

ಬ್ರೋಕರ್, ಬಳ್ಳಾರಿ: ಇದನ್ನು ಮೊದಲೇ ಹೇಳಬೇಕಿತ್ತು. 3101 ಅಂತ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಾಕಿಸಿದ್ದೀರಾ? ಹಾಕಿಲ್ಲ ಅಂದರೆ ಹಾಕಬೇಡಿ. ಗುಂಪಲ್ಲಿ ಬರೆಯೋದು ಬಿಟ್ಟು ಈಗಲೇ ಫೋನ್ ಮಾಡಿ.